ಬೀಥೋವನನ ತಮ್ಮನ ಹೆಂಡತಿ: ಒಂದು ಚಲಚ್ಚಿತ್ರದ ಮೇಲಣ ಆಕ್ಷೇಪಣೆ

ಪಾಶ್ಚಾತ್ಯ ಸಂಗೀತದ ಮಹಾಪುರುಷರಲ್ಲೊಬ್ಬನಾದ ಬೀಥೋವನನ ಜೀವನವನ್ನೂ ಪ್ರೇಮವನ್ನೂ ಕುರಿತು 1994ರಲ್ಲಿ ಬರ್ನಾರ್ಡ್ ರೋಜ್ ಎಂಬವರು ನಿರ್ದೇಶಿಸಿದ ‘ಇಮ್ಮಾರ್ಟಲ್ ಬಿಲವೆಡ್’, ಎಂದರೆ ‘ಅಮರ ಪ್ರೇಯಸಿ’, ಎಂಬ ಚಿತ್ರವನ್ನು ಈಚೆಗೆ ಮಿತ್ರರೊಬ್ಬರ ಮನೆಯಲ್ಲಿ ನೋಡುವ ಅವಕಾಶವಾಯಿತು. ಚಿತ್ರ ಮುಗಿದಾಗ ಕೂಡಿದ್ದವರಲ್ಲಿ ಅನೇಕರ ಕಣ್ಣು ಒದ್ದೆಯಾಗಿದ್ದಿತು. “ಆ ಸಂಗೀತದ ಗುಟ್ಟು ಈಗ ತಿಳಿಯಿತು” ಎಂದು ತರುಣರೊಬ್ಬರು ನಿಟ್ಟುಸಿರಿಟ್ಟರು. ನನಗೂ ಗಂಟಲು ಕಟ್ಟಿದ್ದಿತೆಂಬುದನ್ನು ಮುಚ್ಚಿಡಲಾರೆ. ಆದರೆ ನಡೆದು ಮನೆ ಸೇರುವಷ್ಟರಲ್ಲಿ ಆ ಮರುಕವೆಲ್ಲ ಕೋಪವಾಗಿ ತಿರುಗಿತು. ಕೋಪದ ಕಾರಣವನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ದೋಷಕ್ಕೆ ಮೊದಲು ಗುಣವನ್ನು ಹೇಳುವುದು ನ್ಯಾಯ. ಗ್ಯಾರಿ ಓಲ್ಡ್‌ಮನ್ನರ ಅಭಿನಯದಲ್ಲಿ ಕಿವುಡನ ಮುಂಗೋಪವೂ ಒಂಟಿತನವೂ ಒಂದೇ ಮುಖದಲ್ಲಿ ಸುಳಿದಾಡುತ್ತವೆ. ವಾದ್ಯಗೋಷ್ಠಿಯನ್ನು ನಡೆಸಿದವರು ಸರ್ ಜಾರ್ಜ್ ಶೋಲ್ಟಿ. ಅಲ್ಲಿ ಮಾತಿಗೆ ಎಡೆಯಿಲ್ಲ. 1824ರ ಮೇ 7ರಂದು ವಿಯೆನ್ನಾ ನಗರದಲ್ಲಿ ಒಂಬತ್ತನೆಯ ಸಿಂಫನಿಯ ಪ್ರಥಮ ಗೋಷ್ಠಿ ನಡೆದ ಸಂದರ್ಭವನ್ನಂತೂ ಮರೆಯುವಂತಿಲ್ಲ. ಕಿವಿ ಕೇಳದ ಕರ್ತೃವು ವೇದಿಕೆಯ ಮೇಲಿದ್ದಾನೆ. ಅವನ ನೆನಪಿನಲ್ಲಿ, ಕುಡುಕ ತಂದೆಗೆ ಹೆದರಿ ಮನೆಬಿಟ್ಟು ಕತ್ತಲಲ್ಲಿ ಓಡುತ್ತಿರುವ ಬಾಲಕ. ಅವನು ಕೊಳದ ನೀರಿನ ಮೇಲೆ ಅಂಗಾತನಾಗಿ ತೇಲುತ್ತಿರಲು, ನೀರಿನಲ್ಲಿ ಮೂಡಿದ ನಕ್ಷತ್ರಗಳ ನಡುವೆ ಅವನೂ ಒಂದು ನಕ್ಷತ್ರವಾಗಿಬಿಡುತ್ತಾನೆ. ಇಂತಹ ದೃಶ್ಯವನ್ನು ಕಲ್ಪಿಸಬಲ್ಲವರು ಉಳಿದುದನ್ನು ಹೀಗೆ ಮಾಡಿದರಲ್ಲಾ ಎಂಬುದೇ ವ್ಯಥೆ.

ಕಥೆಯ ಬೀಜವಾದರೋ ಒಂದು ಪತ್ರ. 1827ರ ಮಾರ್ಚ್ 26ರಂದು ಬೀಥೋವನನು ತೀರಿಕೊಂಡ ಮೇಲೆ, ಹೆಸರು ಹೇಳದೆ ಒಬ್ಬ ಸ್ತ್ರೀಗೆ ಅವನು ಬರೆದ ಪ್ರೇಮಪತ್ರವು ಅವನ ವಸ್ತುಗಳಲ್ಲಿ ದೊರೆಯಿತು. ಅದರಲ್ಲಿ ತಿಂಗಳೂ ವಾರವೂ ಉಂಟು, ವರ್ಷವಿಲ್ಲ. ಆಂಟೋನಿ ಬ್ರೆಂಟಾನೋ ಎಂದು ಕೆಲವು ವಿದ್ವಾಂಸರೂ, ಜೋಸೆಫೀನ್ ಬ್ರುನ್ಸ್‌ವಿಕ್ ಎಂದು ಮತ್ತೆ ಕೆಲವರೂ ಇಂದಿಗೂ ವಾದಿಸುತ್ತಿದ್ದಾರೆ. ರೋಜ್ ಅವರು ಇವರೆಲ್ಲರನ್ನೂ ಬದಿಗಿಟ್ಟು, ತಮ್ಮನ ಹೆಂಡತಿಯಾದ ಜೊಹಾನಾಳನ್ನೇ ಆ ಪ್ರೇಯಸಿಯೆಂದು ನಿರ್ಣಯಿಸಿದ್ದಾರೆ. ಸಂಕೇತಸ್ಥಳಕ್ಕೆ ಧಾವಿಸುತ್ತಿದ್ದ ನಾಯಕನ ಗಾಡಿ ಮಳೆಯಲ್ಲಿ ಕೆಸರಿನಲ್ಲಿ ಹೂತುಹೋಗುತ್ತದೆ; ಗರ್ಭಿಣಿಯಾದ ಜೊಹಾನಾ ಕಾದು ಕಾದು, ಕೈಬಿಟ್ಟನೆಂದು ಬಗೆದು, ಅವನ ತಮ್ಮನಾದ ಕಾಸ್ಪಾರನನ್ನು ವರಿಸುತ್ತಾಳೆ; ಹುಟ್ಟಿದ ಮಗು ಕಾರ್ಲ್ ಬೀಥೋವನನ ಮಗನೇ! ಇದನ್ನು ಬರಿಯ ಕಥೆಯೆಂದಲ್ಲ, ತಾವು ಭೇದಿಸಿದ ರಹಸ್ಯವೆಂದೇ ನಿರ್ದೇಶಕರು ಹೇಳಿಕೊಂಡರು.

ಇದಕ್ಕೆ ಉತ್ತರ ಹೇಳಲು ಪಾಂಡಿತ್ಯ ಬೇಡ, ಪಂಚಾಂಗ ಸಾಕು. ಜುಲೈ 6, ಸೋಮವಾರ ಎಂಬುದು ಪತ್ರದ ಮಾತು. ಜೊಹಾನಾಳ ವಿವಾಹ ನಡೆದುದು 1806ರ ಮೇ 25ರಂದು. ಕಾರ್ಲ್ ಹುಟ್ಟಿದುದು ಅದೇ ವರ್ಷದ ಸೆಪ್ಟೆಂಬರ್ 4ರಂದು. ಅದಕ್ಕೆ ಹಿಂದಿನ ಜುಲೈ 6, ಎಂದರೆ 1805ರದು, ಶನಿವಾರ. 1806ರದು ಭಾನುವಾರ, ಅಷ್ಟರಲ್ಲಿ ಆಕೆ ಪರಪತ್ನಿ. ಆ ತಾರೀಖು ಸೋಮವಾರಕ್ಕೆ ಬೀಳುವ 1812ರಲ್ಲಿ ಬೀಥೋವನನು ಟೆಪ್ಲಿಟ್ಸ್ ಎಂಬ ಸ್ನಾನಕ್ಷೇತ್ರದಲ್ಲಿದ್ದನು. ಪತ್ರವು ಆ ವರ್ಷದ್ದೆಂದು ಬಹುಮಂದಿ ವಿದ್ವಾಂಸರ ಸಮ್ಮತಿ. ಆಗ ಕಾರ್ಲನಿಗೆ ಆರನೆಯ ವರ್ಷ ನಡೆಯುತ್ತಿದ್ದಿತು.

ಆ ಕೆಸರಿನ ಗಾಡಿ ಸಂಗೀತವನ್ನೂ ಬಿಡಲಿಲ್ಲ. ‘ಕ್ರಾಯ್ಟ್ಸರ್’ ಎಂದು ಹೆಸರಾದ ಪಿಟೀಲು ಸೊನಾಟ ನುಡಿಯುತ್ತಿರುವಾಗ, ಪ್ರೇಯಸಿಯನ್ನು ಸೇರಲಾಗದೆ ದಾರಿಯಲ್ಲಿ ಸಿಕ್ಕಿಬಿದ್ದವನ ಚಡಪಡಿಕೆಯೇ ಅದರ ಅರ್ಥವೆಂದು ಚಿತ್ರದ ಬೀಥೋವನನು ವಿವರಿಸುತ್ತಾನೆ. ಆ ಕೃತಿಯನ್ನು ಅವನು ಪೂರೈಸಿದುದು 1803ರಲ್ಲಿ, ಬ್ರಿಜ್‌ಟವರ್ ಎಂಬ ಪಿಟೀಲು ವಿದ್ವಾಂಸನಿಗಾಗಿ. ಇಬ್ಬರೂ ಕೂಡಿಯೇ ಅದನ್ನು ವಿಯೆನ್ನಾದಲ್ಲಿ ಮೊದಲು ನುಡಿಸಿದರು. ರಾಗಾಲಾಪನೆಯನ್ನು ಕೇಳಿ, “ಇದು ಯಾವ ಹೆಂಗಸಿನ ಮೇಲೆ?” ಎಂದು ವಿದ್ವಾಂಸರನ್ನು ಪ್ರಶ್ನಿಸುವವನನ್ನು ನಾವು ಸಭೆಯಿಂದ ಎಬ್ಬಿಸಿ ಕಳುಹಿಸುತ್ತೇವೆ. ಆ ತರುಣರಿಗೆ ತಿಳಿದ ಗುಟ್ಟು ಇಷ್ಟೇ.

ಇದಾದರೂ ರಸಿಕತೆಯ ಪ್ರಶ್ನೆ, ಕ್ಷಮಿಸಬಹುದು. ಕ್ಷಮಿಸಲಾಗದುದು ಜೊಹಾನಾಳಿಗೆ ಆಗಿರುವ ಅನ್ಯಾಯ. 1815ರ ನವೆಂಬರಿನಲ್ಲಿ ಕಾಸ್ಪಾರನು ಕ್ಷಯರೋಗದಿಂದ ಸಾಯುವ ಸ್ಥಿತಿಯಲ್ಲಿದ್ದನು. ಮರಣಶಾಸನದಲ್ಲಿ ಅವನು ಅಣ್ಣನನ್ನು ತನ್ನ ಹೆಂಡತಿಯೊಡನೆ ಮಗುವಿನ ಪೋಷಕನನ್ನಾಗಿ ನೇಮಿಸಿದ್ದನು. ಬೀಥೋವನನು ಹಟಹಿಡಿದು, ಹೆಂಡತಿಯೊಡನೆ ಎಂಬರ್ಥದ ಮಾತನ್ನು ಹೊಡೆದುಹಾಕಿಸಿದನು. ಮುಂದಿನ ಐದು ವರ್ಷ ನ್ಯಾಯಾಸ್ಥಾನಗಳಲ್ಲಿ ವ್ಯಾಜ್ಯ. 1811ರಲ್ಲಿ ಒಂದು ಮುತ್ತಿನ ಹಾರದ ವಿಷಯವಾಗಿ ಜೊಹಾನಾಳಿಗೆ ಶಿಕ್ಷೆಯಾಗಿದ್ದುದು ನಿಜ. ಅದನ್ನೇ ಎತ್ತಿ ಆಡಿ, ಆಕೆ ತಾಯಿಯಾಗಲು ಯೋಗ್ಯಳಲ್ಲವೆಂದು ವಾದಿಸಿದನು. ಮೊಜಾರ್ಟನ ನಾಟಕದ ದುಷ್ಟರಾಣಿಯಾದ ‘ರಾತ್ರಿಯ ರಾಣಿ’ಯ ಹೆಸರಿಟ್ಟು ಹಳಿದನು. ಮಗುವನ್ನು ಕಾಣಲು ಬಂದ ತಾಯಿಗೆ ಅವನ ಅನುಮತಿ ಬೇಕಾಯಿತು. ಕುಲೀನರ ನ್ಯಾಯಾಸ್ಥಾನದಲ್ಲಿ ನಡೆಯುತ್ತಿದ್ದ ಮೊಕದ್ದಮೆ, ತಾನು ಕುಲೀನನಲ್ಲವೆಂದು 1818ರಲ್ಲಿ ಬೆಳಕಿಗೆ ಬಂದುದರಿಂದ, ಸಾಮಾನ್ಯರ ನ್ಯಾಯಾಸ್ಥಾನಕ್ಕೆ ಇಳಿಯಿತು. ಅಲ್ಲಿ 1819ರಲ್ಲಿ ತಾಯಿ ಗೆದ್ದಳು. 1820ರ ಅಪೀಲಿನಲ್ಲಿ ಸೋತಳು.

ಚಿತ್ರವು ಈ ಕಲಹವನ್ನು ಮರೆಸಿಲ್ಲ. ಅದರ ಅರ್ಥವನ್ನು ಬದಲಾಯಿಸಿದೆ. ಮಗು ಅವನದೇ ಆದಮೇಲೆ ಅದು ಅಪಹಾರವೆಂತು? ಹೆತ್ತ ತಂದೆಯ ಹಂಬಲ! ಅವಳು ಪ್ರೇಯಸಿಯೇ ಆದಮೇಲೆ ಆ ಬೈಗುಳವೆಲ್ಲ ಏನು? ವಿರಹದ ಉರಿ! ಕೊನೆಗೆ ಪತ್ರವನ್ನೋದಿ ಅವಳು ಅಳುತ್ತಾಳೆ, ನಾವೂ ಅಳುತ್ತೇವೆ, ಅವಳ ದೂರು ನಮ್ಮ ಕಣ್ಣೀರಿನಲ್ಲಿ ಕೊಚ್ಚಿಹೋಗುತ್ತದೆ. ತಮ್ಮನ ಮಗನ ಮೇಲೆ ಅಷ್ಟು ಮೋಹವೆಲ್ಲಿಂದ ಬಂತೆಂದು ಚಿತ್ರಕಾರರಿಗೆ ಆಶ್ಚರ್ಯವಾಗಿರಬೇಕು. ನಮಗೆ ಆಗದು. ತಮ್ಮನ ಮಗನನ್ನು ನಾವು ಮಗನೆಂದೇ ಕರೆಯುತ್ತೇವೆ. ದೊಡ್ಡಪ್ಪನೆಂಬ ಮಾತಿನಲ್ಲಿಯೇ ಅಪ್ಪನಿದ್ದಾನೆ. ಅದಕ್ಕಾಗಿ ಯಾವ ದೊಡ್ಡಪ್ಪನೂ ತಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಬೇಕಾಗಿಲ್ಲ.

“ಕವಿಗೆ ಕಲ್ಪನೆಯ ಹಕ್ಕಿಲ್ಲವೇ? ವ್ಯಾಸರ ಕಥೆಯಲ್ಲಿಲ್ಲದ ದೂರ್ವಾಸರ ಶಾಪವನ್ನು ತಂದು ಕಾಳಿದಾಸನು ದುಷ್ಯಂತನ ಕಳಂಕವನ್ನು ತೊಳೆಯಲಿಲ್ಲವೇ?” ಎಂದು ಮಿತ್ರರು ಕೇಳಿದರು. ಪೂರ್ವಪಕ್ಷವು ಬಲವಾದುದೇ. ಆದರೆ ಕಾಳಿದಾಸನ ಶಾಪವು ಶಕುಂತಲೆಯ ದುಃಖವನ್ನು ಕಿರಿದು ಮಾಡಲಿಲ್ಲ. ನೆನಪು ಮರಳಿದ ರಾಜನನ್ನು ಪಶ್ಚಾತ್ತಾಪದಲ್ಲಿ ಬೇಯಿಸದೆ ಬಿಡಲೂ ಇಲ್ಲ. ಅಲ್ಲದೆ ಶಕುಂತಲೆಯ ಅರ್ಜಿಗಳು ಯಾವ ಕಚೇರಿಯ ದಫ್ತರದಲ್ಲಿಯೂ ಇಲ್ಲ. ಜೊಹಾನಾಳ ವ್ಯಾಜ್ಯಕ್ಕೆ ದಾಖಲೆಯುಂಟು. ಬದುಕಿದ್ದ ಹೆಂಗಸಿನ ಮೇಲೆ ಭಾವನೊಡನೆ ಜಾರಸಂಬಂಧವನ್ನೂ, ಗಂಡನಿಗೆ ಎಸಗಿದ ವಂಚನೆಯನ್ನೂ ಹೊರಿಸಿ, ಅದನ್ನೇ ಸನ್ಮಾನವೆಂದು ಕರೆಯುವ ಹಕ್ಕು ಯಾವ ಕವಿಗೂ ಇಲ್ಲ.

ಬೀಥೋವನನನ್ನು ಸಣ್ಣವನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಆ ಸಿಂಫನಿಯನ್ನು ರಚಿಸಿದ ಕೈಯೇ ಆ ಅರ್ಜಿಗಳನ್ನೂ ಬರೆಯಿತೆಂಬುದನ್ನು ನುಂಗಿಕೊಳ್ಳುವುದು ಕಷ್ಟ. ಆ ಕಷ್ಟವನ್ನು ನೋಡುವವರಿಗೆ ಉಳಿಸಿದ್ದರೆ ಚಿತ್ರವು ದೊಡ್ಡದಾಗುತ್ತಿದ್ದಿತು. ಗಾಡಿಯೂ ಕೆಸರೂ ಬೇಕಾಗಿರಲಿಲ್ಲ. 1826ರಲ್ಲಿ ಹತ್ತೊಂಬತ್ತು ವರ್ಷದ ಕಾರ್ಲನು ದೊಡ್ಡಪ್ಪನ ಕಾವಲನ್ನು ತಾಳಲಾರದೆ ತಲೆಗೆ ಗುಂಡು ಹಾರಿಸಿಕೊಂಡು, ಸಾಯದೆ ಉಳಿದಾಗ, ಅವನನ್ನು ಒಯ್ದುದು ತಾಯಿಯ ಮನೆಗೆ. ಅದಕ್ಕೂ ಹಿಂದೆ ಇನ್ನೊಂದು ದೃಶ್ಯವುಂಟು. 1815ರ ನವೆಂಬರ್ 14ರಂದು, ಅಣ್ಣನು ಮಾತನ್ನು ಹೊಡೆಯಿಸಿ ಹೋದುದನ್ನರಿತ ಕಾಸ್ಪಾರನು, ಮಗುವನ್ನು ತಾಯಿಯಿಂದ ಅಗಲಿಸಕೂಡದೆಂದು ಶಾಸನಕ್ಕೆ ಅನುಬಂಧವನ್ನು ಬರೆಯಿಸಿದನು. ಹೆಂಡತಿಯು ತಗ್ಗಿ ನಡೆಯಲಿ, ಅಣ್ಣನು ಮಿತಿಯಲ್ಲಿರಲಿ ಎಂದು ಬೇಡಿಕೊಂಡನು. ಮರುದಿನ ಅವನು ತೀರಿಕೊಂಡನು.