ಈ ಕಾರುಗಳು ಯಾರವು?

ಗಿರಣಿ ನಷ್ಟದಲ್ಲಿದೆ, ಸಂಬಳಕ್ಕೆ ಹಣವಿಲ್ಲ ಎಂಬ ಮಾತನ್ನು ಕೇಳದ ಗಿರಣಿ ಕಾರ್ಮಿಕನಿಲ್ಲ. ಆ ಮಾತು ಕೆಲವು ಸಲ ನಿಜ, ಕೆಲವು ಸಲ ಸುಳ್ಳು. ನಿಜವೋ ಸುಳ್ಳೋ ತಿಳಿಯಬೇಕಾದರೆ ಲೆಕ್ಕದ ಪುಸ್ತಕ ನೋಡಬೇಕು. ಅದನ್ನು ತೋರಿಸುವವರು ಯಾರು? ಫ್ರಾನ್ಸ್ ದೇಶದ ಮುಲೂಸ್ ಪಟ್ಟಣದ ಕಾರ್ಮಿಕರು 1977ನೆಯ ಮಾರ್ಚ್ 7ರಂದು ಪುಸ್ತಕಕ್ಕಾಗಿ ಕಾಯದೆ ಒಂದು ಬಾಗಿಲನ್ನೇ ತೆರೆದರು. ಹಳೆಯ ಗಿರಣಿಯೊಂದರ ಬಾಗಿಲು ಅದು. ಒಳಗೆ ನೂಲಿರಲಿಲ್ಲ, ಯಂತ್ರಗಳಿರಲಿಲ್ಲ. ಥಳಥಳಿಸುವ ಹಳೆಯ ಕಾರುಗಳು ಸಾಲುಸಾಲಾಗಿ ನಿಂತಿದ್ದವು. ಎಣಿಸಿದಾಗ ನಾನೂರಕ್ಕೂ ಹೆಚ್ಚು! ಅವುಗಳ ನಡುವೆ ಪ್ಯಾರಿಸ್ಸಿನ ಪ್ರಸಿದ್ಧ ಸೇತುವೆಯೊಂದರ ದೀಪಗಳ ಮಾದರಿಯಲ್ಲಿ ಮಾಡಿಸಿದ ನೂರಾರು ದೀಪಸ್ತಂಭಗಳು ಬೇರೆ.

ಇವೆಲ್ಲ ಹಾನ್ಸ್ ಮತ್ತು ಫ್ರಿಟ್ಸ್ ಶ್ಲುಂಫ್ ಎಂಬ ಅಣ್ಣತಮ್ಮಂದಿರ ಸೊತ್ತು. ಆಲ್ಸೇಸ್ ಪ್ರಾಂತದಲ್ಲಿ ಉಣ್ಣೆ ನೂಲುವ ಗಿರಣಿಗಳ ಧಣಿಗಳು ಅವರು. ತಮ್ಮನಾದ ಫ್ರಿಟ್ಸ್‌ಗೆ ಬುಗಾಟಿ ಕಾರುಗಳೆಂದರೆ ಹುಚ್ಚು.

ಆ ಕಾರುಗಳ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಮಿಲಾನ್ ನಗರದಲ್ಲಿ ಹುಟ್ಟಿದ ಎಟ್ಟೋರೆ ಬುಗಾಟಿ 1909ರಲ್ಲಿ ಅದೇ ಆಲ್ಸೇಸಿನ ಮೋಲ್ಸ್‌ಹೈಮ್ ಎಂಬ ಊರಿನಲ್ಲಿ ಕಾರ್ಖಾನೆ ಹೂಡಿದ. 1924ರಲ್ಲಿ ಹೊರಬಂದ ಅವನ 35ನೆಯ ಮಾದರಿ ಪಂದ್ಯದ ಕಾರುಗಳ ಇತಿಹಾಸದಲ್ಲೇ ಹೆಸರು ಮಾಡಿತು. ಸಿಸಿಲಿ ದ್ವೀಪದ ಗುಡ್ಡದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ಬುಗಾಟಿ ಕಾರುಗಳು 1925ರಿಂದ 1929ರವರೆಗೆ ಐದು ವರ್ಷ ಒಂದೇ ಸಮನೆ ಗೆದ್ದವು. 24 ಗಂಟೆಗಳ ಲ ಮಾನ್ಸ್ ಪಂದ್ಯವನ್ನು 1937ರಲ್ಲೂ 1939ರಲ್ಲೂ ಗೆದ್ದವು. ಹೆಸರು ಒಬ್ಬನದಾದರೂ ಕೈಗಳು ನೂರಾರು. ಅರ ಹಿಡಿದು ಲೋಹವನ್ನು ನಯ ಮಾಡಿದವರು ಕಾರ್ಮಿಕರು. 1936ರ ಮುಷ್ಕರದಲ್ಲಿ ಅದೇ ಕಾರ್ಮಿಕರು ಕಾರ್ಖಾನೆಯನ್ನು ಹಿಡಿದು ಕುಳಿತಾಗ ಎಟ್ಟೋರೆ ಮನನೊಂದು ಪ್ಯಾರಿಸ್ಸಿಗೆ ಹೊರಟುಹೋದ.

ರೋಯಾಲ್ ಎಂಬ ಅವನ ಇನ್ನೊಂದು ಕಾರಿನ ಕಥೆ ಕೇಳತಕ್ಕದ್ದು. ರಾಜರಿಗೆಂದೇ ಮಾಡಿದ್ದು, 12.7 ಲೀಟರಿನ ಭಾರಿ ಎಂಜಿನ್. ಮಾಡಿದ್ದು ಆರು, ಹೊರಗಿನ ಗಿರಾಕಿಗಳು ಕೊಂಡದ್ದು ಮೂರೇ. ಕೊಂಡವರಲ್ಲಿ ರಾಜನೊಬ್ಬನೂ ಇಲ್ಲ! ಮಿಕ್ಕ ಎಂಜಿನ್‌ಗಳನ್ನು ರೈಲು ಬಂಡಿಗಳಿಗೆ ಜೋಡಿಸಿದರು. ರಾಜರನ್ನು ಹೊರಬೇಕಾಗಿದ್ದ ಎಂಜಿನ್ ಕೊನೆಗೆ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಸಾರ್ಥಕವಾಯಿತು.

ಎಟ್ಟೋರೆ 1947ರಲ್ಲಿ ತೀರಿಕೊಂಡ ಮೇಲೆ ಕಾರ್ಖಾನೆ ಸೊರಗಿತು. ಫ್ರಿಟ್ಸ್ ಶ್ಲುಂಫ್ 1963ರಲ್ಲಿ ಆ ಕಾರ್ಖಾನೆಯಲ್ಲಿ ಉಳಿದಿದ್ದ 18 ಕಾರುಗಳನ್ನು ಒಟ್ಟಿಗೆ ಕೊಂಡರು. ಅದರಲ್ಲಿ ಒಂದು ರೋಯಾಲ್. ಮರುವರ್ಷ ಅಮೆರಿಕದಿಂದ 30 ಬುಗಾಟಿಗಳು ಬಂದಿಳಿದವು. ಎಲ್ಲವೂ ಗುಟ್ಟಾಗಿ. ರಿಪೇರಿ ಮಾಡುವ ಮೇಸ್ತ್ರಿಗಳಿಗೂ ಬಾಯಿಬಿಡಬಾರದೆಂಬ ಕಟ್ಟಪ್ಪಣೆ.

ಸಣ್ಣ ಅಂಗಡಿ ನಡೆಸುವ ನಮ್ಮ ಮಿತ್ರರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಗಲ್ಲಾದಿಂದ ಹಣ ತೆಗೆದು ಮನೆಗೆ ಬೆಳ್ಳಿ ಸಾಮಾನು ತರುತ್ತ ಹೋದರೆ ಅಂಗಡಿಗೆ ಸರಕು ಎಲ್ಲಿಂದ ಬರಬೇಕು? ನಾವು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಾಗ ಹುಡುಗರಿಗೆ ಹೇಳುತ್ತಿದ್ದುದು ಇಷ್ಟೇ: ಖರ್ಚು ಬರೆಯುವ ಮೊದಲು ಜಮೆ ಎಲ್ಲಿಂದ ಬಂತೆಂದು ಬರೆಯಿರಿ. ಶ್ಲುಂಫರ ಜಮೆ ಗಿರಣಿಯಿಂದ ಬಂತು. ಗಿರಣಿಯ ಜಮೆ ನೂಲುವವರ ಬೆವರಿನಿಂದ ಬಂತು.

ಕಾರುಗಳಿಂದಲೇ ಗಿರಣಿಗಳು ಮುಳುಗಿದವೆಂದು ನಾವು ಹೇಳುವುದಿಲ್ಲ. ಆ ಕಾಲಕ್ಕೆ ಯೂರೋಪಿನ ಬಟ್ಟೆ ಉದ್ಯಮವೆಲ್ಲ ಕಷ್ಟದಲ್ಲಿತ್ತು. ಆದರೆ ಕಷ್ಟಕಾಲಕ್ಕೆಂದು ಇಡಬೇಕಾದ ಗಂಟು ದೀಪಸ್ತಂಭಗಳ ಕೆಳಗೆ ನಿಂತಿತ್ತು. 1976ರಲ್ಲಿ ಗಿರಣಿಗಳು ಸಂಬಳ ಕೊಡಲಾರದೆ ನಿಂತವು. ಕಾರ್ಮಿಕರು ಧಣಿಗಳ ಮನೆಯನ್ನು ಮುತ್ತಿದರು. ಅಣ್ಣತಮ್ಮಂದಿರು ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿಕೊಂಡರು.

ಇನ್ನು ಕಾರ್ಮಿಕರು ಆ ಕಾರುಗಳನ್ನು ಏನು ಮಾಡಿದರು? ಸಿಟ್ಟಿನ ಭರದಲ್ಲಿ ಒಂದು ಚಿಕ್ಕ ಆಸ್ಟಿನ್ ಕಾರಿಗೆ ಬೆಂಕಿಯಿಟ್ಟರು. ಅದನ್ನು ನಾವು ಮುಚ್ಚಿಡುವುದಿಲ್ಲ, ಮೆಚ್ಚುವುದೂ ಇಲ್ಲ. ಅಲ್ಲಿಗೆ ಕೈ ತಡೆದರು. ತಮ್ಮ ಸಂಘದ ಮುಂದಾಳತ್ವದಲ್ಲಿ ಎರಡು ವರ್ಷ ಆ ಕಟ್ಟಡವನ್ನು ಕಾದರು. ಅದಕ್ಕೆ ಕಾರ್ಮಿಕರ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟು ಬಾಗಿಲನ್ನು ಜನರಿಗೆ ತೆರೆದಿಟ್ಟರು. ಧಣಿಯೊಬ್ಬ ಒಂಟಿಯಾಗಿ ನೋಡಿ ಹಿಗ್ಗುತ್ತಿದ್ದುದನ್ನು ಊರಿನ ಮಕ್ಕಳು ಬಂದು ನೋಡಿದರು. 1978ರಲ್ಲಿ ಸರ್ಕಾರ ಈ ಸಂಗ್ರಹವನ್ನು ರಾಷ್ಟ್ರದ ಚಾರಿತ್ರಿಕ ಸೊತ್ತೆಂದು ಘೋಷಿಸಿತು. ಬಿಡಿಬಿಡಿಯಾಗಿ ಮಾರಿ ಪರದೇಶಕ್ಕೆ ಸಾಗಿಸುವ ದಾರಿ ಮುಚ್ಚಿತು. 1981ರಲ್ಲಿ ಸಾರ್ವಜನಿಕ ಸಂಸ್ಥೆಗಳು ಸೇರಿದ ಸಂಘವೊಂದು 4 ಕೋಟಿ 40 ಲಕ್ಷ ಫ್ರಾಂಕಿಗೆ ಅದನ್ನು ಕೊಂಡಿತು. 1982ರಲ್ಲಿ ಅದು ರಾಷ್ಟ್ರೀಯ ಸಂಗ್ರಹಾಲಯವಾಯಿತು. ಆ ಬೆಲೆ ಹೆಚ್ಚೋ ಕಡಿಮೆಯೋ ವಾಚಕರೇ ಅಳೆಯಲಿ: 1987ರಲ್ಲಿ ಲಂಡನ್ನಿನಲ್ಲಿ ಬೇರೊಂದು ರೋಯಾಲ್ ಕಾರು ಒಂದೇ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯಿತು.

ಶ್ಲುಂಫರು ಕೂಡಿಹಾಕದಿದ್ದರೆ ಈ ಕಾರುಗಳೆಲ್ಲ ಗುಜರಿಯಲ್ಲಿ ಕರಗಿಹೋಗುತ್ತಿದ್ದವಲ್ಲವೇ ಎಂದು ಕೇಳುವವರುಂಟು. ಹಲವು ಕಾರುಗಳ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಕೊಂಡು ಕೂಡಿಹಾಕಿದವರಷ್ಟೇ ಉಳಿಸಿದವರಲ್ಲ; ಸಂಬಳವಿಲ್ಲದ ಕಾಲದಲ್ಲೂ ಕೈಗೆ ಸಿಕ್ಕ ಸಂಪತ್ತನ್ನು ಲೂಟಿ ಮಾಡದೆ ಕಾದವರೂ ಉಳಿಸಿದವರೇ. ಇಂದು ಆ ಸಂಗ್ರಹಾಲಯದ ಹೆಸರಿನಲ್ಲಿ ಶ್ಲುಂಫ್ ಎಂಬ ಮನೆತನದ ಹೆಸರು ಸೇರಿದೆ. ಕಾರ್ಮಿಕರು ಇಟ್ಟ ಹೆಸರು ಉಳಿಯಲಿಲ್ಲ.

ಹೆಸರು ಹೋದರೆ ಹೋಗಲಿ. ನಮಗೆ ನೋವಾಗುವುದು ಇನ್ನೊಂದಕ್ಕೆ. ಆ ಬಾಗಿಲು ಹತ್ತು ವರ್ಷ ಮುಂಚೆ ತೆರೆದಿದ್ದರೆ, ಗಿರಣಿಯ ಹಣ ಎತ್ತ ಹರಿಯುತ್ತಿದೆಯೆಂದು ಕಾರ್ಮಿಕರು ಆಗಲೇ ಕೇಳಿದ್ದರೆ, ಕಾರುಗಳು ಕಡಿಮೆಯಾಗಿ ಹೊಸ ಯಂತ್ರಗಳು ಹೆಚ್ಚಾಗುತ್ತಿದ್ದವೇನೋ. ಮುಲೂಸಿನವರು ಲೆಕ್ಕ ಕೇಳಿದ್ದು ಗಿರಣಿ ನಿಂತ ಮೇಲೆ. ಗಿರಣಿ ನಡೆಯುತ್ತಿರುವಾಗಲೇ, ಸಂಬಳ ಸರಿಯಾಗಿ ಬರುತ್ತಿರುವಾಗಲೇ, ಲೆಕ್ಕ ಕೇಳುವುದು ನಮ್ಮ ರೂಢಿಯಾಗಬೇಕು.