ಕಾರು ನಿಮ್ಮದು, ಬೀದಿ ಯಾರದ್ದು?

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ಬಿ.ಟಿ.ಎಂ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಒಂದೇ ಸಂಸಾರವಿದ್ದ 30x40 ಸೈಟಿನಲ್ಲಿ ಈಗ ನಾಲ್ಕಂತಸ್ತು, ಎಂಟು ಮನೆ. ಮಂಜೂರಾದ ನಕ್ಷೆಯಲ್ಲಿ ನೆಲಮಹಡಿ ವಾಹನಗಳಿಗೆ ಮೀಸಲು. ಆದರೆ ಎಷ್ಟೋ ಕಟ್ಟಡಗಳಲ್ಲಿ ಅಲ್ಲಿರುವುದೇನು? ಅಂಗಡಿ, ಗೋದಾಮು, ಇಲ್ಲವೇ ಪಿ.ಜಿ.ಯ ಅಡುಗೆಮನೆ! ಕಾರುಗಳೆಲ್ಲ ಬೀದಿಪಾಲು.

ಇದನ್ನು ಕಂಡ ಹಳೆಯ ನಿವಾಸಿಗಳು "ಇನ್ನು ಇಲ್ಲಿ ಹೊಸ ಮನೆ ಕಟ್ಟಲು ಬಿಡಬೇಡಿ" ಎನ್ನುತ್ತಾರೆ. ಮನೆ ಮುಂದೆ ಹೂಕುಂಡ, ಕಲ್ಲು ಇಟ್ಟು "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು" ಎಂದು ಬೋರ್ಡು ನೇತುಹಾಕುತ್ತಾರೆ. ಸ್ವಾಮಿ, ಆ ಬೀದಿಯೇನು ನಿಮ್ಮ ಪಿತ್ರಾರ್ಜಿತವೇ?

ಮನೆ ಕಟ್ಟುವುದು ನಿಂತರೆ ಏಟು ಬೀಳುವುದು ಯಾರಿಗೆ? ಹಾಸನದಿಂದಲೋ ರಾಯಚೂರಿನಿಂದಲೋ ಕೆಲಸ ಹುಡುಕಿ ಬಂದು, ತಿಂಗಳುಗಟ್ಟಲೆ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ನಮ್ಮ ಹುಡುಗ ಹುಡುಗಿಯರಿಗೆ. ಇರುವ ಮನೆಗಳಿಗೇ ಪೈಪೋಟಿ, ಬಾಡಿಗೆ ಇನ್ನೂ ಮೇಲಕ್ಕೆ!

"ಹಾಗಾದರೆ ಪ್ರತಿ ಮನೆಗೂ ಎರಡು ಕಾರಿನ ಜಾಗ ಕಡ್ಡಾಯ ಮಾಡಿ" ಎನ್ನುವವರೂ ಇದ್ದಾರೆ. ಅದರ ಖರ್ಚನ್ನು ಕಟ್ಟಿಸಿದವನು ಬಾಡಿಗೆಗೇ ಸೇರಿಸುತ್ತಾನೆ. ಜೇಬಿನಲ್ಲಿ ಬಸ್ ಪಾಸ್ ಮಾತ್ರ ಇರುವವನೂ ಇನ್ನೊಬ್ಬನ ಕಾರಿನ ಜಾಗಕ್ಕೆ ದುಡ್ಡು ತೆರಬೇಕು. ಇದು ಯಾವ ನ್ಯಾಯ?

ರೋಗದ ಮೂಲ ಮನೆಯಲ್ಲ, ಬಿಟ್ಟಿ ಬೀದಿ. ಒಂದು ಕಾರು ನಿಲ್ಲಲು ಸುಮಾರು 135 ಚದರ ಅಡಿ ಬೇಕು. ಅಂದರೆ 30x40 ಸೈಟಿನ ಒಂಬತ್ತನೇ ಒಂದು ಪಾಲು! ಅಷ್ಟು ಜಾಗ ರಾತ್ರಿಯಿಡೀ ಪುಕ್ಕಟೆ ಸಿಗುವಾಗ ನೆಲಮಹಡಿಯನ್ನು ಖಾಲಿ ಬಿಡುವ ಮಾಲೀಕ ಯಾರು? ತರಕಾರಿ ಗಾಡಿಯ ಅಜ್ಜಿಯನ್ನು ಓಡಿಸುವ ಅಧಿಕಾರಿಗಳು ಮಲಗಿದ ಕಾರನ್ನು ಮುಟ್ಟುವುದಿಲ್ಲ. 20 ಅಡಿ ರಸ್ತೆಯ ಎರಡೂ ಬದಿ ಕಾರು ನಿಂತರೆ ಉಳಿಯುವುದು ಎಂಟೇ ಅಡಿ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಎಲ್ಲಿ ನುಗ್ಗಬೇಕು?

ಜಪಾನಿನಲ್ಲಿ 1962ರಲ್ಲೇ ಕಾನೂನು ಬಂತು. ಟೋಕಿಯೋದಲ್ಲಿ ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗವಿದೆಯೆಂದು ತೋರಿಸಬೇಕು. ನಮ್ಮ ಸರ್ಕಾರವೂ 2021ರಲ್ಲಿ ಬೆಂಗಳೂರಿಗೆ ಪಾರ್ಕಿಂಗ್ ನೀತಿ ಒಪ್ಪಿತು. ಬೀದಿಯಲ್ಲಿ ನಿಲ್ಲಿಸಲು ಶುಲ್ಕ, ನಿವಾಸಿಗಳಿಗೆ ಹಣ ಪಡೆದು ಪರ್ಮಿಟ್ ಎಂದು ಅದರಲ್ಲಿದೆ. ಕಾಗದದಲ್ಲಿದ್ದರೆ ಸಾಲದು, ಅದು ಅಡ್ಡರಸ್ತೆಗೆ ಇಳಿಯಬೇಕು. ಬಂದ ಹಣ ಅದೇ ಬೀದಿಯ ಫುಟ್‌ಪಾತಿಗೆ, ಬಸ್ಸಿಗೆ ಹೋಗಬೇಕು.

ಯುವ ಮಿತ್ರರೇ, ಗೊಣಗಿದ್ದು ಸಾಕು. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ನಿಮ್ಮ ಬೀದಿಯ ಹೊಸ ಕಟ್ಟಡಗಳ ಮಂಜೂರಾದ ನಕ್ಷೆ ಕೇಳಿ. ನೆಲಮಹಡಿ ಎಲ್ಲಿ ಹೋಯಿತೆಂದು ಪಾಲಿಕೆಯ ಎಂಜಿನಿಯರನ್ನು ಎದುರು ನಿಂತು ಪ್ರಶ್ನಿಸಿ. ಮನೆಗಳು ಏಳಲಿ, ಬೀದಿ ನಡೆಯುವವರಿಗೂ ಉಳಿಯಲಿ!