ಗರ್ಭಕೋಶ ತೆಗೆಸುವ ಮುನ್ನ...

“ಮಾತ್ರೆ ನುಂಗಿ ನುಂಗಿ ಸಾಕಾಯ್ತು, ಲ್ಯಾಪರೊಸ್ಕೋಪಿಯೂ ಆಯ್ತು. ಆದ್ರೂ ನೋವು ಮತ್ತೆ ಹಾಜರ್! ಗರ್ಭಕೋಶ ತೆಗೆಸಿಬಿಡಿ ಅಂತಾರೆ, ಏನ್ಮಾಡ್ಲಿ?” ಎಂಡೋಮೆಟ್ರಿಯೋಸಿಸ್‌ನಿಂದ ಬಳಲುವ ಅನೇಕ ಗೃಹಿಣಿಯರ ಪ್ರಶ್ನೆ ಇದು.

ಅನಗತ್ಯವಾಗಿ ಗರ್ಭಕೋಶ ತೆಗೆಯುವ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಬಡ ಹೆಣ್ಣುಮಕ್ಕಳ ಪರವಾದ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಕೇಂದ್ರ ಆರೋಗ್ಯ ಸಚಿವಾಲಯದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಎಂದು ಕೋರ್ಟ್ ರಾಜ್ಯಗಳಿಗೆ ಹೇಳಿತು. ಇದು ಬಡವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಬೇರೆ ದಾರಿ ನಿಜಕ್ಕೂ ಮುಗಿದಿದೆಯೇ ಎಂದು ನಗರದ ಗೃಹಿಣಿಯೂ ಕೇಳಲೇಬೇಕು.

ಏಕೆಂದರೆ ಈ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆ ಬೆಳೆಯುತ್ತದೆ. ಗರ್ಭಕೋಶ ತೆಗೆದರೂ ಅದು ಉಳಿದರೆ ನೋವೂ ಉಳಿಯಬಹುದು. ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಬೇಗ ನಿಂತು ಮೂಳೆ ಸವೆತ, ಹೃದಯದ ತೊಂದರೆಗೆ ದಾರಿಯಾಗುತ್ತದೆ.

ಹಾಗಾದರೆ ಮುಂದೇನು?

* ಮಾತ್ರೆಗೆ ಕನಿಷ್ಠ ಮೂರು ತಿಂಗಳು ಸಮಯ ಕೊಟ್ಟಿದ್ದೀರಾ? ಒಂದು ಹಾರ್ಮೋನ್ ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು. ಹಾರ್ಮೋನ್ ಇರುವ ವಂಕಿಯೂ ಇದೆ.

* ಆಪರೇಷನ್ ನಂತರ ಮಾತ್ರೆ ನಿಲ್ಲಿಸಿದ್ದೀರಾ? ಸದ್ಯಕ್ಕೆ ಮಗು ಬೇಡವಾದವರು ಹಾರ್ಮೋನ್ ಮುಂದುವರಿಸಿದರೆ ಕಾಯಿಲೆ ಮರುಕಳಿಸುವುದು ಕಡಿಮೆ.

* ನೋವಿಗೆ ಬೇರೆ ಕಾರಣವೂ ಇರಬಹುದು. ಅಡಿನೋಮಯೋಸಿಸ್, ಕರುಳಿನ ತೊಂದರೆ, ಕಿಬ್ಬೊಟ್ಟೆಯ ಸ್ನಾಯುಗಳ ಬಿಗಿತವನ್ನು ಪರೀಕ್ಷಿಸಲು ಕೇಳಿ. ಬಿಗಿತಕ್ಕೆ ಫಿಸಿಯೋಥೆರಪಿ ಇದೆ.

* ಮಗು ಬೇಕೇ? ಮೊದಲೇ ಹೇಳಿ. ಚಾಕೊಲೇಟ್ ಸಿಸ್ಟ್‌ಗೆ ಪದೇ ಪದೇ ಆಪರೇಷನ್ ಮಾಡಿಸಿದರೆ ಅಂಡಾಣುಗಳ ಸಂಗ್ರಹ ಕರಗುತ್ತದೆ. ಹಾರ್ಮೋನ್ ಮಾತ್ರೆ ಗರ್ಭ ಕಟ್ಟಲು ನೆರವಾಗದು.

* ಮತ್ತೆ ಆಪರೇಷನ್ ಅಂದರೆ, ಈ ಕಾಯಿಲೆಯಲ್ಲೇ ಪಳಗಿದ ತಜ್ಞರ ಎರಡನೇ ಅಭಿಪ್ರಾಯ ಪಡೆಯಿರಿ. ಹಳೆಯ ಆಪರೇಷನ್ ವರದಿ, ಸ್ಕ್ಯಾನಿಂಗ್ ಫೈಲ್ ಜೊತೆಗಿರಲಿ.

ಮಕ್ಕಳಾದ, ಅಡಿನೋಮಯೋಸಿಸ್ ಕೂಡ ಇರುವ ಕೆಲವರಿಗೆ ಗರ್ಭಕೋಶ ತೆಗೆಸುವುದೇ ಸರಿಯಾದ ದಾರಿಯಾಗಬಹುದು. ಆದರೆ ಅದು ನೀವು ತಿಳಿದು ತೆಗೆದುಕೊಂಡ ತೀರ್ಮಾನ ಆಗಿರಲಿ.

ಇವತ್ತಿನಿಂದಲೇ ಕ್ಯಾಲೆಂಡರ್‌ನಲ್ಲಿ ನೋವಿನ ದಿನ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯೋ ಜಾಗದಲ್ಲೇ ನಿಮ್ಮ ನೋವಿನ ಲೆಕ್ಕವೂ ಇರಲಿ. ಡಾಕ್ಟರ್ ಮುಂದೆ ಅದೇ ನಿಮ್ಮ ಸಾಕ್ಷಿ.